ಬಕೆಟ್‌ನಲ್ಲಿ ರಸ್ತೆ ದಾಟೋ ಕಪ್ಪೆಗಳು

ಕಪ್ಪೆ ದಾಟಿಸೋಕೆ ಜನ ರಾತ್ರಿ ಟಾರ್ಚ್ ಹಿಡ್ಕೊಂಡು ರಸ್ತೆಗೆ ಇಳೀತಾರೆ ಅಂದ್ರೆ ಕೆಲವರು ನಂಬೋದೇ ಇಲ್ಲ, ನಂಬಿದವರೂ ಬಕೆಟ್ ಸಾಕಾ, ಸುರಂಗ ಬೇಕಾ, ರಸ್ತೆನೇ ಮುಚ್ಬೇಕಾ ಅಂತ ವಾದಕ್ಕೆ ಇಳೀತಾರೆ.

ಯುರೋಪಿನ ನೆಲಗಪ್ಪೆಗಳು ಚಳಿಗಾಲವೆಲ್ಲ ಎಲೆಕಸದ ಅಡಿ ಬಿದ್ದಿದ್ದು, ಚಳಿ ಕಮ್ಮಿಯಾಗಿ ಮಳೆ ಬಿದ್ದ ರಾತ್ರಿ ಮೊಟ್ಟೆ ಇಡೋಕೆ ಹಳೇ ಕೆರೆ ಹುಡುಕ್ಕೊಂಡು ಹೊರಡ್ತವೆ. ಎಷ್ಟೋ ಸಲ ದಾರೀಲೇ ಗಂಡು ಬೆನ್ನಿಗೆ ಹತ್ತಿರುತ್ತೆ, ಹೆಣ್ಣು ಆ ಭಾರ ಹೊತ್ಕೊಂಡು ನಿಧಾನಕ್ಕೆ ತೆವಳ್ತಾ ಟಾರ್ ಮೇಲೆ ಬರುತ್ತೆ, ಹೆಡ್‌ಲೈಟ್ ಬಿದ್ರೆ ಓಡಲ್ಲ, ಅಲ್ಲೇ ಕೂತ್ಬಿಡುತ್ತೆ. ಒಂದು ಚಕ್ರಕ್ಕೆ ಎರಡು ಜೀವ, ಜೊತೆಗೆ ಹೊಟ್ಟೇಲಿರೋ ನೂರಾರು ಸಾವಿರಾರು ಮೊಟ್ಟೆ.

ಕೆರೆ ಕಾಡಿನ ನಡುವೆ ರಸ್ತೆ ಬಂತು, ಕಾರು ಹೆಚ್ಚಾಯ್ತು. 1969ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಕಪ್ಪೆಗಳಿಗೆ ಅಂತಲೇ ರಸ್ತೆ ಅಡಿ ಸುರಂಗ ಬಂತು, 1987ರಲ್ಲಿ ಅಮೆರಿಕದ ಆಮ್ಹರ್ಸ್ಟ್ ಊರಲ್ಲಿ ಚುಕ್ಕೆ ಸಲಮಾಂಡರ್ ಅನ್ನೋ, ನೋಡೋಕೆ ಹಲ್ಲಿಯಂಥ ಕಪ್ಪೆ ಬಳಗದ ಜೀವಿಗಳಿಗೆ ಎರಡು. ಒಣಗಿದ ಕತ್ತಲೆ ಕೊಳವೆಗೆ ಇವು ನುಗ್ಗೋಕೆ ಹಿಂಜರೀತವೆ, ಅದಕ್ಕೇ ಅಲ್ಲಿ ಮಳೆನೀರು, ಬೆಳಕು ಒಳಗೆ ಬರ್ಲಿ ಅಂತ ಮೇಲ್ಗಡೆ ಸೀಳು ಬಿಟ್ಟರು, ಸುರಂಗದ ಬಾಯಿಗೆ ಅವನ್ನ ತಂದು ಸೇರಿಸೋಕೆ ಬೇಲಿ ಹಾಕಿದ್ರು. ಆದ್ರೆ ಸುರಂಗಕ್ಕೆ ದುಡ್ಡು ಬೇಕು, ನಿರ್ವಹಣೆ ಬೇಕು, ಹಾಗಾಗಿ ಬಹಳ ಕಡೆ ಕೆಲಸ ಉಳಿದಿದ್ದು ಬಕೆಟ್ ಹಿಡಿದವರ ಕೈಯಲ್ಲೇ.

ಬ್ರಿಟನ್‌ನಲ್ಲಿ ಫ್ರಾಗ್‌ಲೈಫ್ ಅನ್ನೋ ಸಂಸ್ಥೆ ಇವರನ್ನ ಒಟ್ಟುಗೂಡಿಸುತ್ತೆ. ರಿಫ್ಲೆಕ್ಟರ್ ಜಾಕೆಟ್, ಟಾರ್ಚ್, ಒದ್ದೆ ಕೈ, ಎತ್ತಿ ಬಕೆಟ್‌ಗೆ ಹಾಕು, ಹೊರಟಿದ್ದ ದಿಕ್ಕಲ್ಲೇ ಆಚೆ ಬಿಡು, ಎಷ್ಟು ಅಂತ ಬರ್ಕೊ. ಬಾತ್ ಊರಿನ ಪಕ್ಕದ ಚಾರ್ಲ್‌ಕೂಂಬ್ ಲೇನ್ ಅಂತೂ ವಸಂತದಲ್ಲಿ ಕೆಲವು ವಾರ ವಾಹನಕ್ಕೆ ಬಂದ್.

ಆ ಬರ್ಕೊಂಡ ಲೆಕ್ಕವೇ ಮುಂದೆ ದೊಡ್ಡ ವಿಷಯ ಆಯ್ತು. 2016ರಲ್ಲಿ ಬ್ರಿಟನ್, ಸ್ವಿಟ್ಜರ್ಲೆಂಡ್ ಎರಡೂ ಕಡೆ ಸ್ವಯಂಸೇವಕರ ಅಂಕಿ ಒಟ್ಟು ಹಾಕಿ ನೋಡಿದ್ರೆ ಬ್ರಿಟನ್‌ನಲ್ಲಿ 30 ವರ್ಷದಲ್ಲಿ ನೆಲಗಪ್ಪೆ ಸುಮಾರು 68% ಕಮ್ಮಿ ಆಗಿತ್ತು. ಇಷ್ಟು ಎತ್ತಿ ದಾಟಿಸಿದ ಮೇಲೂ! ಎತ್ತದೇ ಇದ್ದಿದ್ರೆ ಆ ಕೆರೆಗಳ ಗತಿ ಏನಾಗ್ತಿತ್ತೋ. ಕುಸಿತಕ್ಕೆ ರಸ್ತೆ ಒಂದೇ ಕಾರಣ ಅನ್ನೋಕಾಗಲ್ಲ, ಆದ್ರೆ ಹೊಸ ರಸ್ತೆಯ ನಕ್ಷೆಯಲ್ಲೇ ಸುರಂಗ ಸೇರಿಸಿದ್ರೆ ಮುಂದೆ ರಸ್ತೆ ಅಗೆಯೋ ಕೆಲಸವಾದ್ರೂ ತಪ್ಪುತ್ತೆ.

ಇನ್ನೊಂದು, ದಾಟಿಸೋ ಜನ ಹೆಚ್ಚಾಗಿ ಇರೋದು ಕಪ್ಪೆ ಕೆರೆಗೆ ಹೋಗೋ ಕಾಲಕ್ಕೆ. ಬೇಸಿಗೇಲಿ ಮಳೆ ಬಿದ್ದ ದಿನ ಉಗುರಿನಷ್ಟು ಮರಿಗಳು ನೀರು ಬಿಟ್ಟು ಅದೇ ರಸ್ತೆ ವಾಪಸ್ ದಾಟ್ತವೆ, ಆ ಹೊತ್ತಿಗೆ ಕಪ್ಪೆ ರಸ್ತೆಗೆ ಬರದ ಹಾಗೆ ಪಕ್ಕದಲ್ಲಿ ಹಾಕಿದ್ದ ತಾತ್ಕಾಲಿಕ ಬೇಲಿ ಸುತ್ತಿಟ್ಟಾಗಿರುತ್ತೆ.