ನಿಂಬೆಯ ಹಿಂದೆಯೇ ಹೋದ ಚಿಟ್ಟೆ

ತುಮಕೂರಿನ ನಮ್ಮ ಹಿತ್ತಿಲಲ್ಲಿ ಒಂದು ನಿಂಬೆ ಗಿಡ ಇದೆ. ಮಳೆ ಬಿದ್ದು ಚಿಗುರು ಬಂತು ಅಂದ್ರೆ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಾಣುತ್ತದೆ. ಬಗ್ಗಿ ನೋಡಿದರೆ ಹುಳು! ಕಂದು ಮೈ, ನಡುವೆ ಬಿಳಿ ಮಚ್ಚೆ. ಹಕ್ಕಿಯ ಕಣ್ಣು ತಪ್ಪಿಸುವ ವೇಷ ಅದು. ಬೆಳೆದ ಮೇಲೆ ಎಲೆಯದೇ ಹಸಿರು. ಸುಮ್ನೆ ಬೆರಳು ತಾಗಿಸಿ ನೋಡಿ, ತಲೆಯ ಹಿಂದಿನಿಂದ ಕವಲು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ.

ಇದು ನಿಂಬೆ ಚಿಟ್ಟೆಯ ಮರಿ. ಕಪ್ಪು ರೆಕ್ಕೆ ತುಂಬಾ ತಿಳಿ ಹಳದಿ ಮಚ್ಚೆಗಳಿರುವ ಚಿಟ್ಟೆ ನೀವೂ ನೋಡಿರುತ್ತೀರಿ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದಕ್ಕೆ ಪ್ಯಾಪಿಲಿಯೊ ಡೆಮೊಲಿಯಸ್ ಎಂದು ಹೆಸರಿಟ್ಟ.

ಗಿಡ ಬೋಳಾದಾಗ ನಾವು ಇದನ್ನು ಕಳ್ಳನ ಹಾಗೆ ನೋಡುತ್ತೇವೆ. ಆದರೆ ಈ ಸೀಮೆಯಲ್ಲಿ ಬಿಲ್ವಪತ್ರೆ, ಬೇಲ, ಕರಿಬೇವು ಎಲ್ಲವೂ ಇದರ ಊಟವೇ. ನಿಂಬೆ ತೋಟ ಇಲ್ಲದಿದ್ದರೂ ಇದಕ್ಕೆ ಇಲ್ಲಿ ಬದುಕುವ ದಾರಿ ಇದೆ. ನಾವು ಸಾಲಾಗಿ ನಿಂಬೆ ನೆಟ್ಟು ಊಟ ಜಾಸ್ತಿ ಮಾಡಿದೆವು, ಅಷ್ಟೇ.

ಬೇರೆ ಕಡೆ ನಡೆದದ್ದೂ ಹೆಚ್ಚುಕಡಿಮೆ ಇದೇ. ಅರೇಬಿಯಾದಿಂದ ಭಾರತ ದಾಟಿ ಆಸ್ಟ್ರೇಲಿಯಾವರೆಗೆ ಈ ಚಿಟ್ಟೆಯ ನೆಲೆ ಹರಡಿದೆ. ಆಸ್ಟ್ರೇಲಿಯಾದ ತಳಿ ಮಾತ್ರ ನಿಂಬೆ ಬಿಟ್ಟು ಅವರೆಯ ಬಳಗದ ಸಣ್ಣ ಕಾಡುಗಿಡಗಳನ್ನೇ ಹೆಚ್ಚಾಗಿ ತಿನ್ನುತ್ತದೆ. 20ನೇ ಶತಮಾನದಲ್ಲಿ ಕಾಡು ಕಡಿದು, ನಿಂಬೆ ಕಿತ್ತಳೆ ನೆಟ್ಟ ಹಾಗೆಲ್ಲ ಚಿಟ್ಟೆ ಫಿಲಿಪ್ಪೀನ್ಸ್, ಬೋರ್ನಿಯೊ ಕಡೆ ಕಾಲಿಟ್ಟಿತು.

ನನಗೆ ತುಂಬಾ ಕಾಡುವುದು ಕೆರಿಬಿಯನ್ ಕಥೆ. 1493ರಲ್ಲಿ ಕೊಲಂಬಸ್ ತನ್ನ ಎರಡನೇ ಯಾನದಲ್ಲಿ ನಿಂಬೆ, ಕಿತ್ತಳೆ ಬೀಜಗಳನ್ನು ಹಿಸ್ಪಾನಿಯೋಲಾ ದ್ವೀಪಕ್ಕೆ ಒಯ್ದ. ಗಿಡ ಬೇರೂರಿತು, ಚಿಟ್ಟೆ ಮಾತ್ರ ಸಮುದ್ರದಾಚೆ ಉಳಿಯಿತು. 2004ರಲ್ಲಿ ಅದೇ ದ್ವೀಪದ ಡೊಮಿನಿಕನ್ ಗಣರಾಜ್ಯದಲ್ಲಿ ಇದು ಕಾಣಿಸಿಕೊಂಡಿತು. ನಿಂಬೆ ಹೋಗಿ 511 ವರ್ಷಕ್ಕೆ! ಎರಡೇ ವರ್ಷದಲ್ಲಿ ಜಮೈಕಾ, ಪೋರ್ಟೊ ರಿಕೊ ಕೂಡ ಮುಟ್ಟಿತು. ಡಿಎನ್‌ಎ ನೋಡಿದಾಗ ಅದರ ಮೂಲ ಆಗ್ನೇಯ ಏಷ್ಯಾದ ಕಡೆಗೆ ಬೆರಳು ಮಾಡಿತು. ಕೆರಿಬಿಯನ್ ಬೆಳೆಗಾರರ ಆತಂಕ ನಿಜವಾದದ್ದೇ. ಅಲ್ಲಿ ಅದು ಹೊರಗಿನಿಂದ ಬಂದ ಪಿಡುಗು.

ಇಲ್ಲಿ ಹಾಗಲ್ಲ ಅಲ್ವಾ? ಹತ್ತಿಪ್ಪತ್ತು ಎಲೆಯ ಎಳೆ ಸಸಿಯನ್ನು ಹುಳು ನಿಜಕ್ಕೂ ಬೋಳು ಮಾಡುತ್ತದೆ. ಅದನ್ನು ಕೈಯಲ್ಲೇ ಆರಿಸಿ ತೆಗೆದರೆ ಸಾಕು. ದೊಡ್ಡ ಮರ ತಾನೇ ಚಿಗುರಿಕೊಳ್ಳುತ್ತದೆ. ಹಿತ್ತಿಲ ಗಿಡಕ್ಕೆ ಔಷಧಿ ಹೊಡೆಯುವುದನ್ನು ನಾನಂತೂ ಒಪ್ಪಲ್ಲ. ಈ ಸಲ ಆರಿಸಿದ ನಾಲ್ಕು ಹುಳುಗಳನ್ನು ಕರಿಬೇವಿನ ಗಿಡಕ್ಕೆ ಬಿಟ್ಟೆವು. ಒಂದು ಆಗಲೇ ಕಡ್ಡಿಗೆ ನೂಲು ಬಿಗಿದುಕೊಂಡು ಗೂಡಾಗಿದೆ.