168 ಮನೆಗಳಿಗೆ ಕಾಲರಾ ಯಾಕೆ ಬರಲಿಲ್ಲ?

ಭಾರತದ ಒಂದು ಹಳ್ಳಿ. ಅಲ್ಲಿ 223 ಮನೆಗಳು. ಕಾಲರಾ ಬಂದು ಹೋದ ಮೇಲೆ ಯಾವ ಮನೆಯಲ್ಲಿ ಎಷ್ಟು ಜನರಿಗೆ ಬಂತು ಅಂತ ಲೆಕ್ಕ ಬರೆದಿಟ್ಟರು. 168 ಮನೆಗಳಲ್ಲಿ ಯಾರಿಗೂ ಏನೂ ಆಗಿರಲಿಲ್ಲ. 32 ಮನೆಗಳಲ್ಲಿ ಒಬ್ಬೊಬ್ಬರಿಗೆ, 16ರಲ್ಲಿ ಇಬ್ಬಿಬ್ಬರಿಗೆ, 6ರಲ್ಲಿ ಮೂವರಿಗೆ ಬಂದಿತ್ತು. ಒಂದೇ ಒಂದು ಮನೆಯಲ್ಲಿ ನಾಲ್ವರಿಗೆ.

ಈ ಐದು ಅಂಕಿಗಳನ್ನು ಮುಂದಿಟ್ಟುಕೊಂಡು ಕೂತವರು ಆಂಡರ್ಸನ್ ಮ್ಯಾಕೆಂಡ್ರಿಕ್. ಇಂಡಿಯನ್ ಮೆಡಿಕಲ್ ಸರ್ವಿಸ್‌ನ ವೈದ್ಯ. ಕಸೌಲಿಯ ಪಾಶ್ಚರ್ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. 168 ಮನೆಯವರು ಹೇಗೆ ಬಚಾವಾದರು? ಅದೃಷ್ಟವೋ, ಬೇರೆ ಏನಾದರೂ ಇದೆಯೋ?

ಚೌಕಾಬಾರದ ಒಂದು ದೊಡ್ಡ ಹಾಸನ್ನು ನೆನೆಸಿಕೊಳ್ಳಿ. ಅದರಲ್ಲಿ 223 ಮನೆಗಳಿವೆ. ಕಣ್ಣು ಮುಚ್ಚಿಕೊಂಡು 86 ಹುಣಸೆ ಬೀಜ ಎರಚುತ್ತೀರಿ. (ರೋಗ ಬಂದವರು ಒಟ್ಟು 86 ಮಂದಿ, ಬೇಕಾದರೆ ಕೂಡಿ ನೋಡಿ.) ಬೀಜಗಳು ಇಡೀ ಹಾಸಿನ ಮೇಲೆ ಹರಡಿ ಬಿದ್ದರೆ, ಒಂದೇ ಬೀಜ ಸಿಕ್ಕ ಮನೆಗಳು ಸುಮಾರು 58 ಇರಬೇಕು. ಮೂರು ಬೀಜದ ಮನೆ ಒಂದೋ ಎರಡೋ. ಹಳ್ಳಿಯ ಲೆಕ್ಕ ಹಾಗಿಲ್ಲ. ಒಂದರದ್ದು ಬರೀ 32, ಮೂರರದ್ದು 6. ಅಂದರೆ ಬೀಜ ಎಲ್ಲ ಕಡೆ ಬಿದ್ದೇ ಇಲ್ಲ, ಒಂದು ಮೂಲೆಯಲ್ಲಿ ಒತ್ತಾಗಿ ಬಿದ್ದಿದೆ. ಆ ಮೂಲೆಯಲ್ಲಿ ಎಷ್ಟು ಮನೆ ಇರಬಹುದು? ಮ್ಯಾಕೆಂಡ್ರಿಕ್ ಲೆಕ್ಕಕ್ಕೆ ಸಿಕ್ಕಿದ್ದು 93. ಉಳಿದ 130 ಮನೆಗಳಿಗೆ ರೋಗ ತಾಗುವ ದಾರಿಯೇ ಇರಲಿಲ್ಲ. ಬಚಾವಾದ 168ರಲ್ಲಿ ಮಿಕ್ಕ 38 ಮನೆಗಳದ್ದು ಮಾತ್ರ ಅದೃಷ್ಟ.

ಇದು ನೀರಿನಿಂದ ಬಂದ ರೋಗ, ಊರಲ್ಲಿ ಹಲವು ಬಾವಿಗಳಿರಬೇಕು, 93 ಮನೆಯವರು ಕುಡಿಯುವ ಒಂದು ಬಾವಿ ಕೆಟ್ಟಿರಬೇಕು ಅಂತ ಅವರು ಊಹಿಸಿದರು. ಊರಲ್ಲಿ ವಿಚಾರಿಸಿದಾಗ ಅಂಥದ್ದೊಂದು ಬಾವಿ ಸಿಕ್ಕಿತು. ಊರಿನ ಒಂದು ಭಾಗದವರು ಅದರ ನೀರನ್ನೇ ಕುಡಿಯುತ್ತಿದ್ದರು. ಇದೆಲ್ಲ ಅಚ್ಚಾಗಿದ್ದು 1926ರಲ್ಲಿ. ಇದಕ್ಕಿಂತ ಚಂದದ ಗಣಿತ ಮಾದರಿ ನನಗಂತೂ ಗೊತ್ತಿಲ್ಲ.

ರೋಗಕ್ಕೆ ಗಣಿತ ಹಚ್ಚಿದ್ದು ಅವರೇ ಮೊದಲಲ್ಲ. ಸಿಡುಬಿನ ಭಯ ಇಲ್ಲದಿದ್ದರೆ ಮನುಷ್ಯನ ಸರಾಸರಿ ಆಯಸ್ಸು ಸುಮಾರು ಮೂರು ವರ್ಷ ಜಾಸ್ತಿಯಾಗುತ್ತದೆ ಅಂತ ಡೇನಿಯಲ್ ಬರ್ನೂಲಿ 1760ರಲ್ಲೇ ಲೆಕ್ಕ ಕೊಟ್ಟಿದ್ದರು. ಹರಿಯುವ ದ್ರವಗಳ ಭೌತಶಾಸ್ತ್ರದಲ್ಲಿ ಇವತ್ತಿಗೂ ಓದುವ ಅದೇ ಬರ್ನೂಲಿ.

ಮ್ಯಾಕೆಂಡ್ರಿಕ್‌ಗೆ ಗಣಿತದ ಹುಚ್ಚು ಹಿಡಿಸಿದವರು ರೊನಾಲ್ಡ್ ರಾಸ್. 1901ರಲ್ಲಿ ಇಬ್ಬರೂ ಮಲೇರಿಯಾ ಕೆಲಸಕ್ಕೆ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೋಗಿದ್ದರು. ಅಷ್ಟರಲ್ಲಿ ರಾಸ್ ಹೆಸರು ಮಾಡಿ ಆಗಿತ್ತು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಅವರು ಕಂಡಿದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. 1902ರಲ್ಲಿ ನೊಬೆಲ್ ಬಂತು.

ರಾಸ್ ಅವರ ಸೊಳ್ಳೆ ಜಗಳ ಶುರುವಾಗಿದ್ದು ಮಾತ್ರ ನಮ್ಮ ಬೆಂಗಳೂರಿನಲ್ಲಿ. 1883ರಲ್ಲಿ ಇಲ್ಲಿನ ದಂಡಿನಲ್ಲಿ ವೈದ್ಯರಾಗಿದ್ದಾಗ ಅವರ ಬಂಗಲೆ ತುಂಬ ಸೊಳ್ಳೆ. ಕಿಟಕಿ ಹೊರಗಿನ ತೊಟ್ಟಿಯಲ್ಲಿ ಮರಿಗಳು ಒದ್ದಾಡುವುದು ಕಂಡಿತು. ತೊಟ್ಟಿ ಮಗುಚಿದರು, ಸೊಳ್ಳೆ ಕಮ್ಮಿಯಾಯಿತು. ಉಳಿದ ತೊಟ್ಟಿಗಳನ್ನೂ ಬರಿದು ಮಾಡಿಸಿ ಅಂದರೆ ಮೇಲಿನ ಅಧಿಕಾರಿ ಒಪ್ಪಲಿಲ್ಲ. ಪ್ರಕೃತಿಯ ವ್ಯವಸ್ಥೆಗೆ ಅಡ್ಡ ಬರಬಾರದಂತೆ!

ಅದೇ ವಾದ ಮುಂದೆ ಬೇರೆ ವೇಷದಲ್ಲಿ ಬಂತು. ಲಾಹೋರ್ ಹತ್ತಿರದ ಮಿಯಾನ್ ಮೀರ್ ದಂಡಿನಲ್ಲಿ ಹೊಂಡ ಮುಚ್ಚಿ, ಎಣ್ಣೆ ಹಾಕಿ ಸೊಳ್ಳೆ ಕಡಿಮೆ ಮಾಡುವ ಪ್ರಯೋಗ ನಡೆಯಿತು. ಮಲೇರಿಯಾ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಎಲ್ಲ ಸೊಳ್ಳೆಗಳನ್ನೂ ಕೊಲ್ಲಲು ಆಗುತ್ತಾ, ಸುಮ್ನೆ ಯಾಕೆ ದುಡ್ಡು ದಂಡ ಅಂದರು. ರಾಸ್ ಉತ್ತರ ಕೊಟ್ಟಿದ್ದು ಸಮೀಕರಣಗಳಲ್ಲಿ. ಎಲ್ಲವನ್ನೂ ಕೊಲ್ಲುವುದು ಬೇಡ. ಒಂದು ಮಿತಿಗಿಂತ ಕೆಳಗೆ ಇಳಿಸಿದರೆ ಸಾಕು, ರೋಗ ತಾನೇ ನಂದುತ್ತದೆ. ಅವರ ಅಂದಾಜಿನಲ್ಲಿ ಆ ಮಿತಿ ಒಬ್ಬ ಮನುಷ್ಯನಿಗೆ ಸುಮಾರು 40 ಅನಾಫಿಲಿಸ್ (ಮಲೇರಿಯಾ ಹರಡುವ ಜಾತಿಯ) ಸೊಳ್ಳೆ. ಆಗ ಇದನ್ನು ಹೆಚ್ಚು ಜನ ತಲೆಗೆ ಹಾಕಿಕೊಳ್ಳಲಿಲ್ಲ.

ಹಾಕಿಕೊಂಡವರು ಮ್ಯಾಕೆಂಡ್ರಿಕ್. 1920ರಲ್ಲಿ ಅವರು ಎಡಿನ್‌ಬರೋಗೆ ಮರಳಿ ಒಂದು ಪ್ರಯೋಗಾಲಯದ ಹೊಣೆ ಹೊತ್ತರು. ಅಲ್ಲಿ ಜೊತೆ ಸಿಕ್ಕವರು ವಿಲಿಯಂ ಕೆರ್ಮ್ಯಾಕ್, ಹರೆಯದ ರಸಾಯನಶಾಸ್ತ್ರಜ್ಞ. 1924ರಲ್ಲಿ ಪ್ರಯೋಗದ ನಡುವೆ ಸ್ಫೋಟವಾಗಿ ಸುಡುವ ಕ್ಷಾರ ಸಿಡಿದು ಕೆರ್ಮ್ಯಾಕ್ ಅವರ ಎರಡೂ ಕಣ್ಣು ಹೋದವು. ಆಗ ಅವರಿಗೆ 26 ವರ್ಷ. ಆಮೇಲೆ ಅವರು ಗಣಿತವನ್ನು ತಲೆಯಲ್ಲೇ ಮಾಡಿದರು.

1927ರಲ್ಲಿ ಇಬ್ಬರೂ ಸೇರಿ ಬರೆದ ಪ್ರಬಂಧವೇ ಸಾಂಕ್ರಾಮಿಕಗಳ ಗಣಿತಕ್ಕೆ ತಳಪಾಯ. ಜನರನ್ನು ಮೂರು ಪಾಲು ಮಾಡಿದರು: ಇನ್ನೂ ಸೋಂಕು ತಾಗದವರು, ತಾಗಿದವರು, ವಾಸಿಯಾಗಿ ಅಥವಾ ಸತ್ತು ಆಟದಿಂದ ಹೊರಬಿದ್ದವರು. ಮೊದಲಿಬ್ಬರು ಎಷ್ಟು ಸಲ ಎದುರಾಗುತ್ತಾರೆ ಅನ್ನುವುದಕ್ಕೆ, ದ್ರಾವಣದಲ್ಲಿ ಅಣುಗಳು ಡಿಕ್ಕಿ ಹೊಡೆಯುವ ಲೆಕ್ಕವನ್ನೇ ಹಿಡಿದರು. ಅದುವರೆಗೆ ಸಾಂಕ್ರಾಮಿಕ ಯಾಕೆ ನಿಲ್ಲುತ್ತದೆ ಅಂದರೆ ಎರಡೇ ಉತ್ತರ: ತಗಲಲು ಜನ ಮುಗಿದರು, ಇಲ್ಲವೇ ರೋಗಾಣುವಿನ ಕಸುವು ಮುಗಿಯಿತು. ಎರಡೂ ಬೇಕಿಲ್ಲ ಅಂತ ಇವರು ತೋರಿಸಿದರು. ಸೌದೆ ವಿರಳವಾದರೆ ಬೆಂಕಿ ಆರುತ್ತದೆ, ಸೌದೆ ಇನ್ನೂ ಉಳಿದಿದ್ದರೂ.

ಹೋಲಿಕೆಗೆ ಅವರು ತೆಗೆದುಕೊಂಡಿದ್ದು ಬೊಂಬಾಯಿಯ ಪ್ಲೇಗು. 1905ರ ಡಿಸೆಂಬರ್‌ನಿಂದ 1906ರ ಜುಲೈವರೆಗಿನ ವಾರವಾರದ ಸಾವಿನ ಲೆಕ್ಕ. ಸೂತ್ರ ಕೊಟ್ಟ ಗಂಟೆಯಾಕಾರದ ಗೆರೆ ವಾರಕ್ಕೆ 890 ಸಾವಿನವರೆಗೆ ಏರಿ ಇಳಿಯುತ್ತದೆ. ನಿಜವಾದ ಚುಕ್ಕಿಗಳು ಅದರ ಮೇಲೆ ಚೆನ್ನಾಗಿ ಕೂತವು. ಈ ಚಿತ್ರ ಎಷ್ಟೋ ಪಠ್ಯಪುಸ್ತಕ ಸೇರಿತು.

ಆದರೆ ಪ್ಲೇಗು ಮನುಷ್ಯರ ನಡುವೆ ಮಾತ್ರ ಹರಡುವ ರೋಗವಲ್ಲ, ಅಲ್ವಾ? ಇಲಿ ಬೇಕು, ಇಲಿಯ ಮೈಮೇಲಿನ ಚಿಗಟ ಬೇಕು. ಬೊಂಬಾಯಿಯಲ್ಲಿ ಅದು ವರ್ಷವರ್ಷವೂ ಹೆಚ್ಚುಕಮ್ಮಿ ಅದೇ ತಿಂಗಳುಗಳಲ್ಲಿ ಏರಿ ಇಳಿಯುತ್ತಿತ್ತು. ಫ್ರಾನ್ಸಿನ ಗಣಿತಜ್ಞ ನಿಕೋಲಸ್ ಬಕಾಯರ್ 2012ರಲ್ಲಿ ಇದನ್ನೇ ಎತ್ತಿ ಹಿಡಿದರು. ರೋಗ ಇಳಿಯುವುದರಲ್ಲಿ ಋತುವಿನ ಕೈವಾಡ ದೊಡ್ಡದು, ಗೆರೆ ಕೂತಿತು ಅಂದ ಮಾತ್ರಕ್ಕೆ ಕಾರಣ ಸಿಕ್ಕಿತು ಅಂತಲ್ಲ ಎಂಬುದು ಅವರ ಮಾತಿನ ಸಾರ. ನ್ಯಾಯವಾಗಿ ಹೇಳಬೇಕು, ಇದು ತೀರಾ ಒರಟು ಅಂದಾಜು ಅಂತ 1927ರ ಪ್ರಬಂಧದಲ್ಲೇ ಎಚ್ಚರಿಕೆ ಇತ್ತು. ಪಠ್ಯಪುಸ್ತಕದವರು ಚಿತ್ರ ಇಟ್ಟುಕೊಂಡು ಎಚ್ಚರಿಕೆ ಬಿಟ್ಟರು.

ಬಾವಿಯ ಕಥೆಯಲ್ಲಿ ಹೀಗಾಗಲಿಲ್ಲ. ಅಲ್ಲಿ ಗಣಿತ ಹೇಳಿದ್ದನ್ನು ಊರಲ್ಲಿ ಹೋಗಿ ನೋಡಿದ್ದರು.

1950ರ ದಶಕದಲ್ಲಿ ಬ್ರಿಟನ್ನಿನ ಮಲೇರಿಯಾ ತಜ್ಞ ಜಾರ್ಜ್ ಮ್ಯಾಕ್‌ಡೊನಾಲ್ಡ್ ಅವರು ರಾಸ್ ಲೆಕ್ಕವನ್ನು ಮತ್ತೆ ಎತ್ತಿಕೊಂಡರು. ಪರೋಪಜೀವಿ ಸೊಳ್ಳೆಯೊಳಗೆ ಬಲಿಯಲು ಹತ್ತು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಹಾಗಾಗಿ ಸೊಳ್ಳೆಗಳ ಸಂಖ್ಯೆಗಿಂತ ಅವುಗಳ ಆಯಸ್ಸು ಮುಖ್ಯ, ಅದನ್ನು ಸ್ವಲ್ಪ ಕತ್ತರಿಸಿದರೂ ಮಲೇರಿಯಾ ತುಂಬ ಬೀಳುತ್ತದೆ ಎಂದರು. ಗೋಡೆಗೆ ಡಿಡಿಟಿ ಕೀಟನಾಶಕ ಹೊಡೆಯುವ ಕೆಲಸಕ್ಕೆ ಇದು ಬಲ ಕೊಟ್ಟಿತು. ಭಾರತದಲ್ಲಿ ಪ್ರಕರಣಗಳು 1965ರ ಹೊತ್ತಿಗೆ ಸುಮಾರು ಒಂದು ಲಕ್ಷಕ್ಕೆ ಇಳಿದವು. 1976ರಲ್ಲಿ ಮತ್ತೆ 64 ಲಕ್ಷ ಮುಟ್ಟಿದವು. ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡವು, ಕಾರ್ಯಕ್ರಮಗಳು ಸಡಿಲವಾದವು. ಇವೆರಡೂ ಸಮೀಕರಣದ ಹೊರಗಿದ್ದವು.

ಕೋವಿಡ್ ಬಂದಾಗ ಅದೇ ಮೂರು ಪಾಲಿನ ಲೆಕ್ಕ ಟಿವಿ ಚರ್ಚೆಗೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಒಂದು ಹೆಜ್ಜೆ ಮುಂದೆ ಹೋಗಿ, ಎರಡೂ ನಗರಗಳನ್ನು ಕಂಪ್ಯೂಟರಿನೊಳಗೆ ಕಟ್ಟಿದರು. ಅಲ್ಲಿನ ಒಬ್ಬೊಬ್ಬ ಕಾಲ್ಪನಿಕ ಮನುಷ್ಯನಿಗೂ ಮನೆ, ಶಾಲೆ ಅಥವಾ ಕಚೇರಿ, ಓಡಾಟ ಇತ್ತು. ಇಡೀ ದೇಶದ ಅಲೆಯನ್ನು ಅಂದಾಜಿಸಲು ಹೊರಟ, ‘ಸೂತ್ರ’ (SUTRA) ಅನ್ನುವ ಹೆಸರಿನ ಗಣಿತ ಮಾದರಿಯ ಅನುಭವ ಕಹಿ. 2021ರ ಎರಡನೇ ಅಲೆ ಅದರ ಅಂದಾಜನ್ನು ಎಷ್ಟೋ ಹಿಂದೆ ಹಾಕಿ, ಮೇ ಮೊದಲ ವಾರ ದಿನಕ್ಕೆ 4 ಲಕ್ಷ ಪ್ರಕರಣ ದಾಟಿತು.

ಅದೇ ವರ್ಷಗಳಲ್ಲಿ ಬೆಂಗಳೂರಿನ ಇನ್ನೊಂದು ಗುಂಪು ನಗರದ 28 ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ನೀರಿನ ಸ್ಯಾಂಪಲ್ ತುಂಬಿಸಿ ತರುತ್ತಿತ್ತು. ವೈರಸ್ಸಿನ ಅಂಶ ಅಳೆದು, ಎಷ್ಟು ಜನರಿಗೆ ಸೋಂಕಿದೆ ಅಂತ ಹಿಂದಕ್ಕೆ ಲೆಕ್ಕ ಹಾಕಿದರು. ಪರೀಕ್ಷೆಗಳಲ್ಲಿ ಸಿಕ್ಕಿದ್ದಕ್ಕಿಂತ ಬಹಳ ಜಾಸ್ತಿ ಬಂತು.