ನಾಮಿನಿ ನಾನೇ, ಆದರೂ ಅಕ್ಕನಿಗೆ ಪಾಲು ಕೊಡಬೇಕಾ?

ಓದುಗರ ಪ್ರಶ್ನೆ: ಅಪ್ಪ ತಮ್ಮ ಸ್ವಂತ ದುಡಿಮೆಯಲ್ಲಿ ಬೆಂಗಳೂರಿನಲ್ಲಿ ಒಂದು ಫ್ಲಾಟ್ ತಗೊಂಡಿದ್ದರು. ಕಳೆದ ವರ್ಷ ತೀರಿಕೊಂಡರು. ವಿಲ್ ಬರೆದಿರಲಿಲ್ಲ. ಆದರೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಫಾರಂ, ಬ್ಯಾಂಕ್ ಡೆಪಾಸಿಟ್, ಷೇರು, ಎಲ್ಲ ಕಡೆ ನಾಮಿನಿ ನಾನೇ. ಅಮ್ಮ ನನ್ನ ಜೊತೆಗಿದ್ದಾರೆ. ಅಕ್ಕನಿಗೆ ಮದುವೆಯಾಗಿ ಹದಿನೈದು ವರ್ಷವಾಯಿತು. ಫ್ಲಾಟು ನನ್ನದೇ ಅಲ್ವಾ?

ಉತ್ತರ: ಅಲ್ಲ. ನಿಮ್ಮೊಬ್ಬರದೇ ಅಲ್ಲ.

ನೀವು ಮನೆಯಲ್ಲಿ ಇಲ್ಲದಾಗ ಪಾರ್ಸೆಲ್ ಬಂದರೆ ಗೇಟಿನ ಸೆಕ್ಯುರಿಟಿಯವರು ಇಸ್ಕೊಂಡು ಇಟ್ಟಿರುತ್ತಾರೆ. ಪಾರ್ಸೆಲ್ ತಂದವನ ಕೆಲಸ ಅಲ್ಲಿಗೆ ಮುಗಿಯಿತು. ಹಾಗಂತ ಒಳಗಿನ ವಸ್ತು ಸೆಕ್ಯುರಿಟಿಯವರದ್ದಾಗುತ್ತದಾ? ನಾಮಿನಿಯ ಕಥೆಯೂ ಹೆಚ್ಚುಕಡಿಮೆ ಇದೇ. ಖಾತೆದಾರ ತೀರಿಕೊಂಡಾಗ ಬ್ಯಾಂಕಿನವರು, ಸೊಸೈಟಿಯವರು ಯಾರ ಕೈಗೆ ಕೊಟ್ಟು ಕೈ ತೊಳೆದುಕೊಳ್ಳಬಹುದು ಎಂದು ತೋರಿಸುವ ಹೆಸರು ಅದು. ಯಾರಿಗೆ ಸೇರಬೇಕು ಎನ್ನುವುದನ್ನು ಹೇಳುವುದು ವಿಲ್. ವಿಲ್ ಇಲ್ಲದಿದ್ದರೆ ಉತ್ತರಾಧಿಕಾರದ ಕಾನೂನು.

ಇದೇನೂ ಹೊಸ ಮಾತಲ್ಲ. ಎಲ್‌ಐಸಿ ಪಾಲಿಸಿಗೆ ಹೆಂಡತಿಯನ್ನು ನಾಮಿನಿ ಮಾಡಿ ತೀರಿಕೊಂಡವರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1983ರಲ್ಲೇ ಇದನ್ನು ಹೇಳಿತ್ತು. ಆ ಹಣದಲ್ಲಿ ಹೆಂಡತಿ, ಮಗ, ತಾಯಿ ಮೂವರಿಗೂ ಸಮಪಾಲು ಸಿಕ್ಕಿತು. ಆಮೇಲೆ ಷೇರುಗಳ ವಿಷಯದಲ್ಲಿ ಗೊಂದಲ ಶುರುವಾಯಿತು. ಕಂಪನಿ ಕಾನೂನಿನ ಒಂದು ಪದ ಹಿಡಿದು, ಷೇರುಗಳಿಗೆ ನಾಮಿನಿಯೇ ಮಾಲೀಕ ಎಂದು ಬಾಂಬೆ ಹೈಕೋರ್ಟ್ ಒಮ್ಮೆ ತೀರ್ಪು ಕೊಟ್ಟಿತು. ವಾದ ವರ್ಷಗಟ್ಟಲೆ ಎಳೆದಾಡಿ 2023ರ ಡಿಸೆಂಬರ್ 14ರಂದು ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಆಸ್ತಿ ಕೈಬದಲಾಗಲು ವಿಲ್ ಒಂದು ದಾರಿ, ಉತ್ತರಾಧಿಕಾರ ಇನ್ನೊಂದು ದಾರಿ. ನಾಮಿನೇಷನ್ ಎನ್ನುವ ಮೂರನೇ ದಾರಿ ಇಲ್ಲ. ಷೇರಿಗೂ ಇಲ್ಲ, ಮ್ಯೂಚುವಲ್ ಫಂಡಿಗೂ ಇಲ್ಲ.

ಇನ್ನು ಫ್ಲಾಟು. ಕೋಲ್ಕತ್ತದ ಒಂದು ಹೌಸಿಂಗ್ ಸೊಸೈಟಿ ಪ್ರಕರಣವನ್ನು ಹಿಡಿದುಕೊಂಡು ‘ನಾಮಿನಿಗೇ ಫ್ಲಾಟು’ ಎನ್ನುವವರು ಜಾಸ್ತಿ. ಅಲ್ಲಿ ತಂದೆ ಮದುವೆಯಾದ ಮಗಳನ್ನು ನಾಮಿನಿ ಮಾಡಿದ್ದರು. ಸೊಸೈಟಿ ಆಕೆಯ ಹೆಸರಿಗೇ ಫ್ಲಾಟು ವರ್ಗಾಯಿಸಬೇಕು ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಆದರೆ ಮನೆಯ ಉಳಿದವರು ತಮ್ಮ ಪಾಲಿಗಾಗಿ ಬೇರೆ ದಾವೆ ಹೂಡಬಹುದು ಎಂದೂ ಅದೇ ತೀರ್ಪಿನಲ್ಲಿದೆ. ಈ ಎರಡನೇ ಭಾಗವನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ!

ನಿಮ್ಮ ಕೇಸಿನಲ್ಲಿ ಅಷ್ಟು ದೂರ ಹೋಗುವುದೂ ಬೇಡ. ಬೆಂಗಳೂರಿನ ಹೆಚ್ಚಿನ ಅಪಾರ್ಟ್‌ಮೆಂಟುಗಳಲ್ಲಿ ಫ್ಲಾಟು ಸೊಸೈಟಿಯ ಷೇರಿನ ರೂಪದಲ್ಲಿ ಇರುವುದಿಲ್ಲ. ನಿಮ್ಮ ಅಪ್ಪನ ಹೆಸರಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಕ್ರಯಪತ್ರ ಇರುತ್ತದೆ. ಅದರಲ್ಲಿ ಫ್ಲಾಟಿನ ಜೊತೆಗೆ ಜಾಗದಲ್ಲಿ ಇಂತಿಷ್ಟು ಚದರಡಿ ಅವಿಭಾಜ್ಯ ಪಾಲು ಎಂದೂ ಬರೆದಿರುತ್ತಾರೆ. ಅಸೋಸಿಯೇಷನ್ ಫಾರಂ ಮೇಂಟೆನೆನ್ಸ್ ಯಾರು ಕಟ್ಟಬೇಕು, ಮೀಟಿಂಗಿಗೆ ಯಾರನ್ನು ಕರೆಯಬೇಕು ಎನ್ನುವುದಕ್ಕೆ ಸಾಕು. ಕ್ರಯಪತ್ರವನ್ನು ಅದು ಬದಲಿಸಲಾರದು. ಪಾಲಿಕೆಯ ಆಸ್ತಿ ಖಾತೆ ನಿಮ್ಮ ಹೆಸರಿಗೆ ಬಂದರೂ ಅಷ್ಟೇ. ಖಾತೆ ಇರುವುದು ತೆರಿಗೆಗೆ, ಅದು ಮಾಲೀಕತ್ವದ ಪತ್ರ ಅಲ್ಲ.

ನೀವು ಹಿಂದೂಗಳಾದರೆ ಲೆಕ್ಕ ಹೀಗೆ. ಸ್ವಯಾರ್ಜಿತ ಆಸ್ತಿ, ವಿಲ್ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಮ್ಮ, ನೀವು, ಅಕ್ಕ ಮೂವರಿಗೂ ಸಮಪಾಲು. ‘ಅವಳ ಮದುವೆಗೆ ಅಷ್ಟು ಖರ್ಚು ಮಾಡಿದ್ವಲ್ಲ’ ಎನ್ನುವ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ಮದುವೆಯಾದ ಮಾತ್ರಕ್ಕೆ ಮಗಳ ಪಾಲು ಕರಗುವುದಿಲ್ಲ. ಪಿತ್ರಾರ್ಜಿತ ಆಸ್ತಿಯಾಗಿದ್ದರೂ ಅಕ್ಕ ಹುಟ್ಟಿನಿಂದಲೇ ಪಾಲುದಾರಳು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಪಾಲಿನ ಲೆಕ್ಕ ಬೇರೆ.

ಬ್ಯಾಂಕ್ ಡೆಪಾಸಿಟ್‌ಗೂ ಇದೇ ಮಾತು. ಹಣ ನಿಮ್ಮ ಕೈಗೆ ಬರುತ್ತದೆ, ಲೆಕ್ಕ ಮೂವರಿಗೆ ಕೊಡಬೇಕು. 2025ರ ನವೆಂಬರ್ 1ರಿಂದ ಒಂದು ಬ್ಯಾಂಕ್ ಖಾತೆಗೆ ನಾಲ್ಕು ಜನರನ್ನು ನಾಮಿನಿ ಮಾಡಿ, ಯಾರಿಗೆ ಎಷ್ಟು ಪರ್ಸೆಂಟ್ ಎಂದೂ ಬರೆಯಬಹುದು. ಜಗಳ ಸ್ವಲ್ಪ ಕಡಿಮೆಯಾದೀತು. ಹಾಗಂತ ಅದನ್ನೇ ವಿಲ್ ಎಂದುಕೊಳ್ಳಬೇಡಿ.

ಒಂದೆರಡು ಕಡೆ ನಿಯಮ ಬೇರೆ ಇದೆ. 2015ರ ತಿದ್ದುಪಡಿಯ ನಂತರ ವಿಮಾ ಪಾಲಿಸಿಯಲ್ಲಿ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದ್ದೇ ಆಗುವ ಅವಕಾಶವಿದೆ. ಪಿಎಫ್‌ನ ಗುಟ್ಟು ಬಹಳ ಜನರಿಗೆ ಗೊತ್ತಿಲ್ಲ. ಕೆಲಸಕ್ಕೆ ಸೇರಿದ ದಿನ ತುಂಬಿಸಿದ ನಾಮಿನೇಷನ್, ಮದುವೆಯಾದ ಕೂಡಲೇ ಬಿದ್ದುಹೋಗುತ್ತದೆ. ಹೊಸದಾಗಿ ಕೊಡಬೇಕು. ಇದನ್ನು ಓದುತ್ತಿರುವ ನಿಮ್ಮದು ಯಾವಾಗ ತುಂಬಿದ್ದು, ನೆನಪಿದೆಯಾ?

ಅಪ್ಪ ಒಂದು ವಿಲ್ ಬರೆದಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ. ಅದಕ್ಕೆ ಸ್ಟಾಂಪ್ ಪೇಪರ್ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಬಿಳಿ ಹಾಳೆ, ಅವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸಾಕು. ನಮ್ಮವರು ಸಾಕ್ಷಿಗೆ ತಮ್ಮ ವಯಸ್ಸಿನ ವಾಕಿಂಗ್ ಸ್ನೇಹಿತರನ್ನೇ ಕರೆಯುತ್ತಾರೆ. ಮುಂದೆ ಕೋರ್ಟಿನಲ್ಲಿ ಆ ವಿಲ್ ಸಾಬೀತು ಮಾಡಲು ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕಲ್ಲ? ವಯಸ್ಸಿನಲ್ಲಿ ಚಿಕ್ಕವರನ್ನೇ ಕರೆಯಿರಿ.

ಈಗ ನಿಮಗಿರುವ ದಾರಿ: ಅಪ್ಪನ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಮಾಡಿಸಿ, ಅಮ್ಮನನ್ನೂ ಅಕ್ಕನನ್ನೂ ಕೂರಿಸಿಕೊಂಡು ಮಾತಾಡಿ. ಅಕ್ಕ ಖುಷಿಯಿಂದ ತನ್ನ ಪಾಲು ಬಿಟ್ಟುಕೊಟ್ಟರೆ ಹಕ್ಕು ಬಿಡುಗಡೆ ಪತ್ರ ಬರೆಸಿ ನೋಂದಣಿ ಮಾಡಿಸಿ. ‘ನನಗೇನೂ ಬೇಡ ಕಣೋ’ ಎಂದು ವಾಟ್ಸಾಪಿನಲ್ಲಿ ಕಳಿಸಿದ್ದು ಲೆಕ್ಕಕ್ಕಿಲ್ಲ. ನಾಳೆ ಫ್ಲಾಟು ಮಾರಲು ಹೊರಟರೆ ಕೊಳ್ಳುವವರ ವಕೀಲರು ಹೇಗೂ ಅಕ್ಕನ ಸಹಿ ಕೇಳುತ್ತಾರೆ.

ಒಂದು ವಿಷಯ ನೀವು ಬರೆದಿಲ್ಲ. ಅಪ್ಪ ತೀರಿಕೊಂಡಾಗ ಅವರ ತಾಯಿ, ಅಂದರೆ ನಿಮ್ಮ ಅಜ್ಜಿ, ಇದ್ದರಾ? ಇದ್ದಿದ್ದರೆ ಪಾಲು ಮೂರಲ್ಲ, ನಾಲ್ಕು. ಅಜ್ಜಿಗೂ ಕಾಲು ಭಾಗ. ಆಮೇಲೆ ಅವರೂ ವಿಲ್ ಬರೆಯದೆ ತೀರಿಕೊಂಡರೆ, ಆ ಕಾಲು ಭಾಗದಲ್ಲಿ ಅವರ ಉಳಿದ ಮಕ್ಕಳಿಗೂ ಹಕ್ಕು ಬರುತ್ತದೆ. ಆಗ ಅಕ್ಕನ ಜೊತೆಗೆ ಅತ್ತೆ, ಚಿಕ್ಕಪ್ಪಂದಿರ ಸಹಿಯೂ ಬೇಕು.